ಪರ್ಷಿಯನ್ ಬೆಕ್ಕು ಬಾಡಿಗೆ ಮನೆಗೆ ಹೊಂದುತ್ತದೆಯೇ?

೧

ಮೊದಲ ವಾಕ್ಯದಲ್ಲೇ ಬೆಕ್ಕು ಅಡ್ಡ ಬಂದರೆ ಕಥೆ ಬರೆಯುವವನು ಏನು ಮಾಡಬೇಕು? ನಮ್ಮ ಕಡೆ ಇದಕ್ಕೊಂದು ಪದ್ಧತಿ ಇದೆ. ಹೊರಟವರು ನಿಲ್ಲಬೇಕು, ವಾಪಸ್ ಒಳಗೆ ಬಂದು ಒಂದು ಲೋಟ ನೀರು ಕುಡಿದು, ಸ್ವಲ್ಪ ಹೊತ್ತು ಕೂತು, ಆಮೇಲೆ ಹೊರಡಬೇಕು. ಅಷ್ಟು ತಾಳ್ಮೆ ಇಲ್ಲದವರು ದಾರಿಯಲ್ಲೇ ನಿಂತು, ಏನೂ ತಿಳಿಯದ ಇನ್ನೊಬ್ಬ ಬಡಪಾಯಿ ಮೊದಲು ದಾಟಿಕೊಳ್ಳಲಿ ಅಂತ ಕಾಯುತ್ತಾರೆ. ನಾನು ಈ ಎರಡನೆಯವರ ಪೈಕಿ. ಹಾಗಾಗಿ ಮೊದಲು ಶಾಮಲಾಳನ್ನು ಕಳಿಸುತ್ತೇನೆ.

ಆವತಿಯ ದೊಡ್ಡಬೀರಪ್ಪನವರ ಮಗಳು, ಮೂವತ್ತಮೂರು ವರ್ಷದ, ದೇವನಹಳ್ಳಿ ಹತ್ತಿರ ಗುಲಾಬಿ ರಫ್ತು ಮಾಡುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್ ಆಗಿರುವ ಶಾಮಲಾ, ಒಂದು ಕೈಯಲ್ಲಿ ಬೆಕ್ಕಿನ ಬುಟ್ಟಿ, ಇನ್ನೊಂದು ಕೈಯಲ್ಲಿ ಟಿಕೆಟ್ ಹಿಡಿದು ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಳು.

ಛೆ. ಇದು ವಾಕ್ಯವೋ ಆಧಾರ್ ಕಾರ್ಡೋ? ಅಪ್ಪನ ಹೆಸರು, ಊರು, ವಯಸ್ಸು ಎಲ್ಲ ಇದೆ, ಫೋಟೋ ಒಂದು ಅಂಟಿಸುವುದು ಬಾಕಿ. ಹೊಡೆದುಹಾಕುತ್ತೇನೆ. ನೀವೂ ಓದಿಲ್ಲ ಅಂದುಕೊಳ್ಳಿ.

೧ (ನೀರು ಕುಡಿದು ಬಂದ ಮೇಲೆ)

ಬಸ್ಸಿನಲ್ಲಿ ಕೂತ ಶಾಮಲಾ ಫೋನಿನಲ್ಲಿ ಒಂದು ಲೇಖನ ಓದುತ್ತಿದ್ದಳು. 'ಪರ್ಷಿಯನ್ ಬೆಕ್ಕು ಅಪಾರ್ಟ್‌ಮೆಂಟಿಗೆ ಹೊಂದುತ್ತದೆಯೇ?' ಎಂದು ಅದರ ತಲೆಬರಹ. ಹೊಂದುತ್ತದೆ ಎಂದು ಬರೆದಿತ್ತು. ಶಾಂತ ಸ್ವಭಾವ. ಕಿರುಚುವುದಿಲ್ಲ. ಕರ್ಟನ್ ಹತ್ತುವುದಿಲ್ಲ. ಸಣ್ಣ ಜಾಗದಲ್ಲೂ ನೆಮ್ಮದಿಯಾಗಿ ಇರುತ್ತದೆ. ಆದರೆ ದಿನಾ ಮೈಯೆಲ್ಲ ಬಾಚಬೇಕು, ಕಣ್ಣಿನ ನೀರು ಒರೆಸಬೇಕು, ಸೆಕೆ ತಡೆಯುವುದಿಲ್ಲ. ಬರೆದ ಪುಣ್ಯಾತ್ಮ ಯಾವ ದೇಶದವನೋ ಏನೋ, ಓನರ್ ಎಂಬ ಪ್ರಾಣಿಯ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಬುಟ್ಟಿಯೊಳಗಿದ್ದ ಬೆಕ್ಕಿನ ಹೆಸರು ಮೈದಾ. ಬಿಳಿ ಬಣ್ಣ, ಚಪ್ಪಟೆ ಮೂತಿ, ಯಾವಾಗ ನೋಡಿದರೂ ಈಗಷ್ಟೇ ಯಾರೋ ಬೈದ ಹಾಗೆ ಮುಖ. ಮೊದಲು ಇದು ಯಲಹಂಕದ ಒಂದು ಅಪಾರ್ಟ್‌ಮೆಂಟಿನಲ್ಲಿತ್ತು. ಅವರಿಗೆ ಮಗು ಹುಟ್ಟಿದ್ದೇ ತಡ, ಅಲರ್ಜಿ ಅಂತ ಶಿಲ್ಪಾಗೆ ದಾಟಿಸಿದರು. ಶಿಲ್ಪಾ ಅಂದರೆ ಶಾಮಲಾಳ ಜೊತೆ ಕೆಲಸ ಮಾಡುವವಳು. ಶಿಲ್ಪಾಳ ಅತ್ತೆ, 'ಈ ಮನೇಲಿ ಬೆಕ್ಕಿರಬೇಕು, ಇಲ್ಲಾ ನಾನಿರಬೇಕು' ಅಂದರು. ಶಿಲ್ಪಾಗೆ ಬೆಕ್ಕೇ ಇರಲಿ ಅನ್ನುವ ಆಸೆ ಬಹಳ ಇತ್ತು, ಧೈರ್ಯ ಇರಲಿಲ್ಲ. 'ಮೂರೇ ದಿನ ಇಟ್ಕೊಳೇ, ಯಾರಿಗಾದ್ರೂ ಕೊಟ್ಬಿಡ್ತೀನಿ' ಅಂತ ಬುಟ್ಟಿಯನ್ನು ಶಾಮಲಾಳ ಕೈಗಿಟ್ಟಳು. ಆ ಮೂರು ದಿನ ಈಗ ಮೂರು ತಿಂಗಳಾಗಿದೆ.

ಶಾಮಲಾಳ ಕಷ್ಟವನ್ನು ಇಲ್ಲೇ ಹೇಳಿಬಿಡುತ್ತೇನೆ. (ಇಂಥ ಕಥೆಗಳಲ್ಲಿ ಕಷ್ಟವನ್ನು ಕೊನೆಯ ಪುಟದವರೆಗೆ ಬಚ್ಚಿಟ್ಟು ಓದುಗರನ್ನು ಗೋಳಾಡಿಸಬೇಕಂತೆ. ನನಗೆ ಅಷ್ಟು ಜಾಣತನ ಇಲ್ಲ.) ಅವಳಿರುವುದು ದೇವನಹಳ್ಳಿಯ ಒಂದು ಲೇಡೀಸ್ ಪಿಜಿಯಲ್ಲಿ, ಒಂದು ರೂಮಿಗೆ ಮೂರು ಮಂಚ. ಮೈದಾ ಇದ್ದದ್ದು ಅವಳ ಮಂಚದ ಕೆಳಗೆ. ಹೋದ ವಾರ ಪಿಜಿ ಆಂಟಿ ಕಸ ಗುಡಿಸಲು ಬಗ್ಗಿದಾಗ ಕತ್ತಲಲ್ಲಿ ಎರಡು ಕಣ್ಣು ಹೊಳೆದವು. ಆಂಟಿಯ ಕೂಗಿಗೆ ಪಕ್ಕದ ಬೇಕರಿಯವರು ಓಡಿ ಬಂದರು. ಭಾನುವಾರದೊಳಗೆ ಬೆಕ್ಕಾದರೂ ಹೋಗಬೇಕು, ಶಾಮಲಾ ಆದರೂ ಹೋಗಬೇಕು ಅಂತ ತೀರ್ಮಾನವಾಯಿತು.

ಯಾರಿಗಾದರೂ ಕೊಟ್ಟುಬಿಡಬಹುದಿತ್ತಲ್ಲ ಅನ್ನುತ್ತೀರಿ. ಅವಳೂ ಅಂದುಕೊಂಡಿದ್ದಳು. ಆದರೆ ಮದುವೆ ಮುರಿದು ನಾಲ್ಕು ವರ್ಷ ಆಗಿತ್ತು. ಆವತಿಯ ಮನೆಗೆ ಹೋದರೆ ತಮ್ಮ ವಿಜಯ್ ಮೊದಲು ಕೇಳುವುದೇ, 'ಅಕ್ಕಾ, ವಾಪಸ್ ಯಾವತ್ತು?' ಅಂತ. ಡ್ಯೂಟಿ ಮುಗಿಸಿ ಸುಸ್ತಾಗಿ ಬಂದಾಗ, ಇವಳೇ ಬರಬೇಕು ಅಂತ ಕಾದು ಕೂತಿರುವ ಜೀವ ಅವಳ ಪಾಲಿಗೆ ಇದೊಂದೇ. ಮೈದಾ ಕಂಡರೆ ಅವಳಿಗೆ ಪ್ರಾಣ. ಅದೂ ಬೇಕು, ಒಳಗಿನಿಂದ ತಾನೇ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲೂ ಬೇಕು. ಭಾನುವಾರದೊಳಗೆ. ಕಥೆ ಇಷ್ಟೇ, ಇದನ್ನು ಹೇಳಲು ಇಷ್ಟು ಸುತ್ತು ಹಾಕುತ್ತಿದ್ದೇನೆ.

೨

ದೇವನಹಳ್ಳಿ ಪಕ್ಕದ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಬ್ರೋಕರ್ ಕಾಂತರಾಜು ಸ್ಕೂಟರ್ ಮೇಲೆ ಕೂತು ಕಾಯುತ್ತಿದ್ದ.

'ಬೆಕ್ಕಾ ಮೇಡಂ? ಸದ್ಯ! ನಾಯಿ ಆಗಿದ್ರೆ ಕಷ್ಟ ಆಗ್ತಿತ್ತು. ಬೆಕ್ಕಿಗೆ ಮಾತಾಡೋಣ. ನೀವು ಎಷ್ಟು ಜನ?'

'ಇಬ್ರು,' ಅಂತ ಶಾಮಲಾ ಬುಟ್ಟಿ ತೋರಿಸಿದಳು.

ಕಾಂತರಾಜುಗೆ ನಗು ಬರಲಿಲ್ಲ. 'ಒಬ್ರೇ ಅಂದಂಗಾಯ್ತು,' ಅಂತ ಸ್ಕೂಟರ್ ಸ್ಟಾರ್ಟ್ ಮಾಡಿದ.

ಮನೆ ವೆಂಕಟರಾಯಪ್ಪನವರದು. ಮುಂದೆ ತಾವು ಇರುವ ಮನೆ, ಹಿಂದೆ ರೇಷ್ಮೆ ನೂಲು ತೆಗೆಯುವ ಶೆಡ್ಡು, ಮೇಲೊಂದು ಸಿಂಗಲ್ ಬೆಡ್‌ರೂಮ್ ಮನೆ. ಬೆಂದ ಗೂಡಿನ ವಾಸನೆ ಬೀದಿಯ ಆ ತುದಿಗೂ ಬರುತ್ತಿತ್ತು. ವಿಜಯಪುರದವರಿಗೆ ಅದು ವಾಸನೆಯ ಲೆಕ್ಕದಲ್ಲೇ ಇಲ್ಲ. ಮೈದಾ ಬುಟ್ಟಿಯಿಂದ ಮೂತಿ ಎತ್ತಿ ಹುಟ್ಟಿದ ಮೇಲೆ ಮೊದಲ ಸಲ ಆಸಕ್ತಿ ತೋರಿಸಿತು.

ವೆಂಕಟರಾಯಪ್ಪನ ಹೆಂಡತಿ ಲಕ್ಕಮ್ಮ ಬಾಗಿಲಿಗೆ ಬಂದವರೇ ಕೆನ್ನೆಗೆ ಕೈ ಇಟ್ಟುಕೊಂಡರು. 'ಅಯ್ಯೋ ಶಿವನೇ, ಇದು ಬೆಕ್ಕಾ? ಹತ್ತಿ ಗಂಟು ಇದ್ದಂಗೈತೆ!'

ಸಂದರ್ಶನ ಶುರುವಾಯಿತು. ಮೊದಲು ಬೆಕ್ಕಿನದು.

'ಇಲಿ ಹಿಡೀತೈತಾ?' ವೆಂಕಟರಾಯಪ್ಪ ಕೇಳಿದರು.

'ಇಲ್ಲ ಸರ್. ಇಲಿ ಕಂಡ್ರೆ ನನ್ ಹಿಂದೆ ಬಂದು ಬಚ್ಚಿಟ್ಕೊಳ್ಳುತ್ತೆ.'

'ಕೂದ್ಲು ಉದುರ್ತೈತಾ?'

'ಉದುರುತ್ತೆ. ದಿನಾ ಬಾಚ್ತೀನಿ.'

'ನೂಲಿಗೆ ಹತ್ಕೊಂಡ್ರೆ ನನ್ ಮಾಲೆಲ್ಲಾ ಹಾಳಾಯ್ತು ಕಣಮ್ಮ. ಶೆಡ್ ಕಡೆ ಬಿಡಂಗಿಲ್ಲ.'

'ಬಿಡಲ್ಲ ಸರ್.'

'ಮತ್ತೆ... ಎರಡಕ್ಕೆ, ಒಂದಕ್ಕೆ?'

ಟ್ರೇ, ಮರಳು, ತಾನೇ ಹೋಗಿ ತಾನೇ ಮುಚ್ಚಿ ಬರುವುದು, ಎಲ್ಲವನ್ನೂ ಶಾಮಲಾ ಬಿಡಿಸಿ ಹೇಳಿದಳು. ವೆಂಕಟರಾಯಪ್ಪ ಗೌರವದಿಂದ ಕೇಳಿಸಿಕೊಂಡರು. 'ಅದೇ ಮುಚ್ಚಿ ಬರ್ತೈತಾ? ಹಂಗಾದ್ರೆ ನಮ್ ಶೆಡ್ ಹುಡುಗ್ರಿಗಿಂತ ವಾಸಿ.'

'ಮೊದ್ಲು ಎಲ್ಲಿತ್ತಮ್ಮ ಇದು?' ಲಕ್ಕಮ್ಮ ಕೇಳಿದರು.

'ಎರಡು ಮನೇಲಿತ್ತು. ಇಬ್ರೂ ಬೇಡ ಅಂತ ಬಿಟ್ಬಿಟ್ರು.'

'ಥೂ, ಎಂಥಾ ಜನಾನೋ! ಮೂಕಪ್ರಾಣಿ, ಒಳಗೊಳಗೇ ಎಷ್ಟು ನೊಂದ್ಕೊಂಡೈತೋ.' ಲಕ್ಕಮ್ಮ ನಿಜಕ್ಕೂ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಆಮೇಲೆ ಶಾಮಲಾಳ ಸರದಿ ಬಂತು.

'ಯಾವೂರು?'

'ಆವತಿ.'

'ಯಾವ ಜನಮ್ಮ ನೀವು?'

ಶಾಮಲಾ ಹೇಳಿದಳು. 'ನಮಗೇನ್ ಅದೆಲ್ಲಾ ಇಲ್ಲ, ಸುಮ್ನೆ ಕೇಳ್ದೆ,' ಅಂದರು ವೆಂಕಟರಾಯಪ್ಪ. (ಅವಳು ಏನು ಹೇಳಿದಳು ಎಂದು ನಾನು ಬರೆಯುವುದಿಲ್ಲ. ನಿಮಗೂ ತಿಳಿದುಕೊಳ್ಳಬೇಕು ಅನ್ನಿಸಿತಲ್ಲ? ಸುಮ್ಮನೆ.)

'ಯಜಮಾನ್ರು ಏನ್ ಮಾಡ್ಕೊಂಡವ್ರೆ?'

'ಡೈವೋರ್ಸ್ ಆಗಿದೆ. ನಾಲ್ಕು ವರ್ಷ ಆಯ್ತು.'

ವೆಂಕಟರಾಯಪ್ಪ ಹೆಗಲ ಟವೆಲ್ ತೆಗೆದು ಕೊಡವಿ ಮತ್ತೆ ಹಾಕಿಕೊಂಡರು.

'ಹೊಂದ್ಕೊಂಡ್ ಹೋಗ್ಬೋದಿತ್ತಲ್ಲಮ್ಮ,' ಅಂದರು ಲಕ್ಕಮ್ಮ. ಈ ಸಲ ಸೆರಗು ಕಣ್ಣಿನ ಹತ್ತಿರ ಹೋಗಲಿಲ್ಲ.

'ಡ್ಯೂಟಿ ಎಷ್ಟೊತ್ಗೆ ಮುಗೀತೈತೆ?'

'ಸಾಯಂಕಾಲ ಬಂದ್ಬಿಡ್ತೀನಿ ಸರ್. ಫೆಬ್ರವರಿಲಿ ಮಾತ್ರ ಲೇಟಾಗುತ್ತೆ, ವ್ಯಾಲೆಂಟೈನ್ಸ್ ಡೇ ಆರ್ಡರ್ ಇರುತ್ತೆ.'

ಆ ಹೆಸರು ಕೇಳಿದ್ದೇ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಕಾಂತರಾಜು ಆಕಾಶ ನೋಡಿದ. ಗುಲಾಬಿ ಹೂವನ್ನು ಡಬ್ಬಿಗೆ ತುಂಬುವ ಕೆಲಸಕ್ಕೂ ಆ ಹಬ್ಬಕ್ಕೂ ಇರುವ ಸಂಬಂಧವನ್ನು ಬಿಡಿಸಿ ಹೇಳಲು ಶಾಮಲಾ ಹೊರಟಳು, ಹೇಳಿದಷ್ಟೂ ಕೆಟ್ಟಿತು.

ಕೊನೆಗೆ ವೆಂಕಟರಾಯಪ್ಪ ಕೆಮ್ಮಿ, 'ಒಂದ್ ಕೆಲ್ಸ ಮಾಡಮ್ಮ. ಬೆಕ್ಕನ್ನ ಎರಡು ಮೂರು ದಿನ ಇಲ್ಲೇ ಬಿಟ್ಟಿರು. ಹೆಂಗಿರ್ತೈತೆ ನೋಡಾಣ. ಹೊಂದ್ಕೊಂಡ್ರೆ ಭಾನುವಾರ ಬಂದು ಹಾಲುಕ್ಕಿಸ್ಕೊಂಡ್ಬಿಡು,' ಅಂದರು.

ಶಾಮಲಾ ಖುಷಿಯಲ್ಲಿ ಕೈಮುಗಿದಳು. ಮೈದಾ ಪಾಸಾದರೆ ತಾನೂ ಪಾಸು ಅಂತ ಲೆಕ್ಕ ಹಾಕಿದಳು. ಹೊರಡುವಾಗ ಬುಟ್ಟಿಯ ಮುಂದೆ ಕೂತು, 'ಚಿನ್ನಾ, ಮರ್ಯಾದೆಯಿಂದ ಇರು. ಮೇಲೆ ಹತ್ತಬೇಡ, ಕೆಳಗೆ ಕೆಡವಬೇಡ, ಯಾರನ್ನೂ ದುರುಗುಟ್ಟಿ ನೋಡಬೇಡ,' ಅಂತ ಪಾಠ ಹೇಳಿದಳು.

೨½

(ಬಿಸಾಡಿದ ಒಂದು ಕರಡು. ಓದಿ ಬಿಟ್ಟುಬಿಡಿ.)

ಈ ಸಂದರ್ಶನ ಯಾಕೋ ಉದ್ದವಾಯಿತು ಅನ್ನಿಸಿ ಶಾಮಲಾಳ ಜಾಗದಲ್ಲಿ ಒಬ್ಬ ಗಂಡಸನ್ನು ಇಟ್ಟು ಬರೆದು ನೋಡಿದೆ. ಅದೇ ವಯಸ್ಸು, ಅದೇ ಸಂಬಳ, ಅವನಿಗೂ ಡೈವೋರ್ಸ್ ಮಾಡಿಸಿದೆ. ಅದೇ ಬುಟ್ಟಿ, ಅದೇ ಬೆಕ್ಕು.

'ಎಷ್ಟು ಜನ?' 'ಒಬ್ನೇ ಸಾರ್.' 'ಪಾಪ, ಊಟಕ್ಕೆ ಏನ್ ಮಾಡ್ಕೊಂತೀರ? ಒಂದ್ ಮುದ್ದೆ ಇಲ್ಲೇ ಉಂಡ್ರೆ ಆಯ್ತು ಬುಡಿ.' 'ಥ್ಯಾಂಕ್ಸ್ ಸಾರ್.'

ಇಷ್ಟೇ. ಅಡ್ವಾನ್ಸು ಕೊಟ್ಟ, ಕೀಲಿ ಸಿಕ್ಕಿತು, ಕಥೆ ಕೈಕೊಟ್ಟಿತು. ಬುಟ್ಟಿಯಲ್ಲಿ ಏನಿದೆ ಅಂತ ಕೇಳುವುದಕ್ಕೂ ಯಾರಿಗೂ ನೆನಪಾಗಲಿಲ್ಲ. ಇಂಥ ಕಥೆಯನ್ನು ಯಾವ ಪತ್ರಿಕೆಯವರೂ ಹಾಕುವುದಿಲ್ಲ, ಆದ್ದರಿಂದ ಮತ್ತೆ ಶಾಮಲಾಳನ್ನೇ ಕರೆಸಿಕೊಂಡೆ.

೩

ಕರೆಸಿಕೊಂಡರೆ ಬಂದವಳು ಜಗಳಕ್ಕೇ ನಿಂತಳು.

'ಸರ್, ಒಂದ್ ಮಾತು. ನನಗ್ಯಾಕೆ ಡೈವೋರ್ಸ್ ಮಾಡಿಸಿದ್ರಿ?'

'ಕಥೆಗೆ ಸ್ವಲ್ಪ ತೂಕ ಬೇಕಿತ್ತಮ್ಮ.'

'ತೂಕ ಹೊರೋಳು ನಾನು. ನಿಮಗೇನು, ಕೂತಲ್ಲೇ ಬರೀತೀರ.'

'ಹಾಗಲ್ಲ...'

'ಒಂದ್ ಸಾಲಲ್ಲಿ ಮನೆ ಕಟ್ಟಿದ್ರಿ. ಹಿಂದೆ ಶೆಡ್ಡು, ಮೇಲೊಂದು ಪೋರ್ಷನ್ನು, ಸಿಮೆಂಟ್ ಇಲ್ಲ, ಮೇಸ್ತ್ರಿ ಇಲ್ಲ. ಅದರ ಕೀಲಿ ನನ್ ಕೈಗೆ ಕೊಡೋಕೆ ಇಷ್ಟು ಪುಟ ಬೇಕಾ?'

ನಾನು ವಾಸ್ತವಿಕತೆ, ಸಮಾಜ, ಪಾತ್ರದ ಸ್ವಾತಂತ್ರ್ಯ ಅಂತ ಏನೇನೋ ಹೇಳಿದೆ. (ಸೆಮಿನಾರುಗಳಲ್ಲಿ ಇದೇ ಮಾತಿಗೆ ಚಪ್ಪಾಳೆ ಬೀಳುತ್ತದೆ.) ಅವಳು ಕಾಂಡ ಸೊಟ್ಟಗಿರುವ ಗುಲಾಬಿಯನ್ನು ನೋಡುವ ಹಾಗೆ ನನ್ನನ್ನು ಒಂದು ಸಲ ನೋಡಿ, 'ಬಸ್ಸಿಗೆ ಟೈಮಾಯ್ತು, ಬರ್ತೀನಿ,' ಅಂತ ಹೋದಳು.

೪

ಮಾರನೆಯ ದಿನ ಬೆಳಗ್ಗೆ ವೆಂಕಟರಾಯಪ್ಪ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೊರಟಿದ್ದರು. ಹಣೆಗೆ ವಿಭೂತಿ, ಹೆಗಲಿಗೆ ಟವೆಲ್, ಒಂದು ಕಾಲು ಹೊಸ್ತಿಲಾಚೆ. ಬೆಕ್ಕು ಹೇಗಿದೆ ಅಂತ ನೋಡಲು ಹೋಗಿದ್ದ ಲಕ್ಕಮ್ಮ ಮೇಲಿನ ಬಾಗಿಲು ತೆರೆದೇ ಬಿಟ್ಟಿದ್ದರು. ಮೈದಾ ಒಂದೊಂದೇ ಮೆಟ್ಟಿಲು ಇಳಿದು, ರಾಜಗಾಂಭೀರ್ಯದಿಂದ ನಡೆದು, ಯಜಮಾನರ ಮುಂದೆಯೇ ಎಡದಿಂದ ಬಲಕ್ಕೆ ದಾಟಿ ತುಳಸಿಕಟ್ಟೆ ಪಕ್ಕ ಕೂತಿತು.

ವೆಂಕಟರಾಯಪ್ಪ ನಿಂತಲ್ಲೇ ನಿಂತರು. 'ಲೇ ಇವಳೇ! ಇದು ಲೆಕ್ಕಕ್ಕೆ ಬರ್ತೈತಾ?'

'ಬೆಕ್ಕು ಬೆಕ್ಕೇ,' ಲಕ್ಕಮ್ಮ ಮೇಲಿನಿಂದ ಹೇಳಿದರು.

'ಬೆಳ್ಳಗೈತಲ್ಲೇ.'

'ಬೆಳ್ಳಗಿದ್ರೇನು, ಕರ್ರಗಿದ್ರೇನು?'

'ಫಾರಿನ್ದು ಕಣೇ ಇದು. ಇದಕ್ಕೆ ನಮ್ ಶಕುನ ಎಲ್ಲಾ ಗೊತ್ತಿರ್ತೈತಾ?'

'ಅದಕ್ಕೆ ಗೊತ್ತಿಲ್ದಿದ್ರೆ ಕತ್ತೆ ಬಾಲ, ನಿಮಗೆ ಗೊತ್ತಲ್ಲ. ಬಂದು ನೀರು ಕುಡ್ದು ಕೂತ್ಕಳಿ.'

ವೆಂಕಟರಾಯಪ್ಪ ಬೈದುಕೊಂಡೇ ವಾಪಸ್ ಬಂದರು. ನೀರಿನ ಹಿಂದೆ ಕಾಫಿ ಬಂತು, ಕಾಫಿಯ ಹಿಂದೆ ಪೇಪರ್ ಬಂತು. ಮಾರ್ಕೆಟ್ಟಿಗೆ ಹೋಗುವಷ್ಟರಲ್ಲಿ, ಅವರು ಹಿಂದಿನ ದಿನವೇ ಕಣ್ಣು ಹಾಕಿಟ್ಟುಕೊಂಡಿದ್ದ ರೈತನ ಗೂಡನ್ನು ಇನ್ನೊಬ್ಬರು ಕೊಂಡಾಗಿತ್ತು. ಬೆಕ್ಕಿಗೂ ಬೆಕ್ಕು ತಂದವಳಿಗೂ ಸೇರಿಸಿ ಶಾಪ ಹಾಕುತ್ತಾ, ಉಳಿದಿದ್ದರಲ್ಲಿ ಒಂದನ್ನು ಹಿಡಿದು ಬಂದರು. ಸಾಯಂಕಾಲ ಸುದ್ದಿ ತಿಳಿಯಿತು: ಕೈತಪ್ಪಿದ ಗೂಡಿನಲ್ಲಿ ಅರ್ಧಕ್ಕರ್ಧ ಭಾಗಕ್ಕೆ, ಹುಳು ತಿಂದು ಗೂಡು ತೂತು ಮಾಡುವ ಊಜಿ ನೊಣ ಹೊಡೆದಿತ್ತಂತೆ, ಕೊಂಡವನು ತಲೆ ಚಚ್ಚಿಕೊಳ್ಳುತ್ತಿದ್ದನಂತೆ. ಇವರ ಶೆಡ್ಡಿನಲ್ಲೋ, ಎಳೆ ಎಲ್ಲೂ ಕಡಿಯದೆ ಸರಾಗವಾಗಿ ಬರುತ್ತಿತ್ತು.

ವೆಂಕಟರಾಯಪ್ಪ ಮೈದಾನನ್ನು ಎತ್ತಿಕೊಂಡು ಅದರ ಚಪ್ಪಟೆ ಮುಖವನ್ನು ಬಹಳ ಹೊತ್ತು ನೋಡಿದರು. 'ಅಡ್ಡ ಬಂದಿದ್ದಲ್ಲ ಕಣೇ ಇದು. ತಡೆದಿದ್ದು,' ಅಂದರು.

ಅಲ್ಲಿಗೆ ನಮ್ಮ ಹಿರಿಯರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಶಾಸ್ತ್ರಕ್ಕೆ ವಿಜಯಪುರದಲ್ಲಿ ಒಂದು ತಿದ್ದುಪಡಿ ಆಯಿತು. ನಾಡಬೆಕ್ಕು ಅಡ್ಡ ಬಂದರೆ ಅಪಶಕುನ. ಪರ್ಷಿಯನ್ ಬೆಕ್ಕು ಅಡ್ಡ ಬಂದರೆ ಲಾಭ.

ಶುಕ್ರವಾರ ಬೆಳಗ್ಗೆ ನೋಡಬೇಕಿತ್ತು ನೀವು. ವೆಂಕಟರಾಯಪ್ಪ ಹೊಸ್ತಿಲ ಮೇಲೆ ರೆಡಿಯಾಗಿ ನಿಂತಿದ್ದಾರೆ. ಲಕ್ಕಮ್ಮ ಮೈದಾನನ್ನು ತಂದು ಎಡಗಡೆ ಇಳಿಸಿದ್ದಾರೆ. ಮೈದಾ ದಾಟುತ್ತಿಲ್ಲ. ಲೇಖನದಲ್ಲಿ ಬರೆದಿತ್ತಲ್ಲ, ಶಾಂತ ಸ್ವಭಾವ, ಹೆಚ್ಚು ಓಡಾಡುವುದಿಲ್ಲ ಅಂತ. ಅದು ಮುಂಗಾಲು ನೆಕ್ಕಿಕೊಳ್ಳುತ್ತಾ ಕೂತಿದೆ.

'ಹೋಗಪ್ಪಾ, ಹೋಗು ಕಂದಾ,' ಲಕ್ಕಮ್ಮ ಬೇಡುತ್ತಿದ್ದಾರೆ.

'ಒಣಮೀನು ತೋರ್ಸೇ!'

'ಶುಕ್ರವಾರ ಕಣ್ರೀ!'

'ಅದಕ್ಕೇನೇ ಶುಕ್ರವಾರ?'

ಒಣಮೀನು ಬಲಗಡೆ ಬಂತು. ಮೈದಾ ಎದ್ದಿತು, ಆಕಳಿಸಿತು, ದಾಟಿತು. ವೆಂಕಟರಾಯಪ್ಪ ಒಳಗೆ ಓಡಿ ನೀರು ಕುಡಿದು, ಕಾಫಿ ಕುಡಿದು, ಪೇಪರ್ ತಿರುವಿ, ಬೇಕು ಅಂತಲೇ ತಡ ಮಾಡಿಕೊಂಡು ಹೋದರು. ಅವತ್ತು ಸಿಕ್ಕಿದ ಗೂಡು ಚೆನ್ನಾಗಿತ್ತೋ ಇಲ್ಲವೋ ನಾನು ವಿಚಾರಿಸಲಿಲ್ಲ. ಅವರೂ ವಿಚಾರಿಸಲಿಲ್ಲ, ಚೆನ್ನಾಗೇ ಇದೆ ಅಂದರು.

ಶಾಮಲಾ ಡ್ಯೂಟಿ ಮುಗಿಸಿ ಬಾಚಣಿಗೆ ಹಿಡಿದು ಬಂದರೆ ಮೈದಾನನ್ನು ಆಗಲೇ ಬಾಚಿಯಾಗಿತ್ತು, ಲಕ್ಕಮ್ಮನ ಸ್ವಂತ ಬಾಚಣಿಗೆಯಲ್ಲಿ. ಕೆನ್ನೆಗೊಂದು ದೃಷ್ಟಿಬೊಟ್ಟು ಬೇರೆ.

'ನಾವು ಇದಕ್ಕೆ ಲಕ್ಷ್ಮಿ ಅಂತ ಕರೀತಾ ಇದೀವಿ,' ಅಂದರು ಲಕ್ಕಮ್ಮ.

'ಅದು ಗಂಡು ಅಮ್ಮಾ.'

'ಇರ್ಲಿ ಬುಡು. ಲಕ್ಷ್ಮಿಗೆ ಗಂಡೇನು ಹೆಣ್ಣೇನು.'

ಶಾಮಲಾಳಿಗೆ ಕುಣಿಯುವಷ್ಟು ಸಂತೋಷ. ಮೇಲೆ ಹೋಗಿ ಖಾಲಿ ಮನೆಯಲ್ಲಿ ಒಬ್ಬಳೇ ಸುತ್ತಾಡಿದಳು. ಮಂಚ ಇಲ್ಲಿ, ಗ್ಯಾಸ್ ಅಲ್ಲಿ, ಕಿಟಕಿ ಕೆಳಗೆ ಮೈದಾಗೆ ಹಾಸಿಗೆ ಅಂತ ಜಾಗ ಗೊತ್ತು ಮಾಡಿದಳು. ಬಾಗಿಲು ಮುಂದೆ ಮಾಡಿ ಒಳಗಿನಿಂದ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. 'ಲಕ್ಷ್ಮಿ ತಂದೋಳು ನೀನೇ ಅಲ್ವೇನಮ್ಮ,' ಅಂತ ಲಕ್ಕಮ್ಮ ಹಬೆಯಾಡುವ ಕಾಫಿ ಕೊಟ್ಟರು.

೫

ಭಾನುವಾರ.

ಶಾಮಲಾ ಆಟೋದಲ್ಲಿ ಬಂದಳು. ಒಂದು ಟ್ರಂಕು, ಸುತ್ತಿದ ಹಾಸಿಗೆ, ಮರಳಿನ ಚೀಲ, ಹೊಸ ಪಾತ್ರೆ, ಹಾಲಿನ ಪ್ಯಾಕೆಟ್ಟು. ಪಿಜಿಯ ಮಂಚ ಬಿಟ್ಟುಕೊಟ್ಟು ಬಂದಿದ್ದಳು, ಅಲ್ಲಿಗೆ ಆಗಲೇ ಬೇರೆ ಹುಡುಗಿ ಬಂದಾಗಿತ್ತು. ಲಕ್ಕಮ್ಮ ಜಗಲಿಯ ಮೇಲೆ ಮೈದಾನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ವೆಂಕಟರಾಯಪ್ಪ ಪೇಪರ್ ಹಿಡಿದಿದ್ದರು, ಅದು ನಿನ್ನೆಯದು.

'ಕೂತ್ಕೊಮ್ಮ,' ಅಂದರು. 'ಅದೇನಂದ್ರೆ... ಮೇಲಿನ್ ಮನೆ ಆಗೋಗೈತೆ.'

'ಆಗೋಗೈತೆ ಅಂದ್ರೆ?'

'ಒಂದು ಫ್ಯಾಮಿಲಿ ಬಂದಿದ್ರು. ಬ್ಯಾಂಕಲ್ಲಿ ಕೆಲ್ಸ. ಗಂಡ ಹೆಂಡ್ತಿ.'

'ಹೊಂದ್ಕೊಂಡ್ರೆ ಕೊಡ್ತೀನಿ ಅಂದಿದ್ರಲ್ಲ ಸರ್?'

'ಅದು ಹೊಂದ್ಕೊಂಡೈತಲ್ಲಮ್ಮ! ಬೆಕ್ಕಿನ್ ಬಗ್ಗೆ ನಂದೇನೂ ತಕರಾರಿಲ್ಲ.'

ಶಾಮಲಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕೈಯಲ್ಲಿದ್ದ ಹೊಸ ಪಾತ್ರೆಯನ್ನು ವಾಪಸ್ ಆಟೋದೊಳಗೆ ಇಟ್ಟು ಬಂದಳು.

'ಇದನ್ನ ಇಲ್ಲೇ ಬಿಟ್ಟೋಗು ತಾಯಿ,' ಲಕ್ಕಮ್ಮ ಪ್ರೀತಿಯಿಂದಲೇ ಹೇಳಿದರು. 'ನಿಂಗೂ ಇದನ್ನ ಇಟ್ಕೊಂಡು ಕಷ್ಟ. ಮಗು ಥರ ನೋಡ್ಕೊಂತೀವಿ. ನಿಂಗೆ ಯಾವಾಗ ಬೇಕು ಅನ್ಸಿದ್ರೂ ಬಂದು ನೋಡ್ಕೊಂಡ್ ಹೋಗು. ನಿನ್ ಮನೆ ಅಂತ ತಿಳ್ಕೊ.'

(ಇಲ್ಲಿ ನನಗೆ ತಡೆಯಲಾಗದೆ ಕಥೆಯೊಳಗೆ ನುಗ್ಗಿ ವೆಂಕಟರಾಯಪ್ಪನವರನ್ನು ಪಕ್ಕಕ್ಕೆ ಕರೆದೆ.

'ಯಾಕೆ ಯಜಮಾನ್ರೇ ಹೀಗೆ ಮಾಡಿದಿರಿ?'

'ನಾನೇನ್ ಕೆಟ್ಟೋನಲ್ಲ ಸ್ವಾಮಿ. ಹುಡ್ಗಿ ಒಳ್ಳೇಳೇ. ನಾಳೆ ಜನ ಕೇಳಿದ್ರೆ ಉತ್ರ ಕೊಡ್ಬೇಕಾದೋನು ನಾನು.'

'ಏನು ಕೇಳುತ್ತಾರೆ?'

'ಏನೋ ಒಂದು ಕೇಳ್ತಾರೆ.'

'ಯಾರು?'

ಅವರು ತಿರುಗಿ ಬೀದಿ ಕಡೆ ನೋಡಿದರು. ಆಟೋ ಡ್ರೈವರ್ ಒಬ್ಬ ಬಿಟ್ಟರೆ ಬೀದಿಯಲ್ಲಿ ಯಾರೂ ಇರಲಿಲ್ಲ.)

೬

ಈಗ ಅಂತ್ಯಗಳು. ಯಾವುದು ಬೇಕೋ ಆರಿಸಿಕೊಳ್ಳಿ, ಚೌಕಾಸಿ ಇಲ್ಲ.

ಅಂತ್ಯ ಒಂದು. ಶಾಮಲಾ ಮೈದಾನನ್ನು ಬಿಟ್ಟು, ಹಿಂತಿರುಗಿ ನೋಡದೆ ಆಟೋ ಹತ್ತುತ್ತಾಳೆ. ಅದು ತುಂಬಿದ ಮನೆಯಲ್ಲಿ, ತಾನು ಲಕ್ಷ್ಮಿ ಅಂತ ನಂಬಿಕೊಂಡು, ದಿನಾ ಬೆಳಗ್ಗೆ ಒಣಮೀನು ತಿಂದು ದಪ್ಪಗಾಗುತ್ತದೆ. ಓದುಗರು ಕಣ್ಣೊರೆಸಿಕೊಳ್ಳಬಹುದು.

'ಹರಿದು ಬಿಸಾಕಿ ಅದನ್ನ,' ಅಂದಳು ಶಾಮಲಾ.

ಅಂತ್ಯ ಎರಡು. ಕಾಂತರಾಜು ಅವಳನ್ನು ಮೂಲೆಗೆ ಕರೆದು ಪಿಸುಗುಡುತ್ತಾನೆ: 'ಮೇಡಂ, ಬೇರೆ ಮನೆ ತೋರಿಸ್ತೀನಿ. ಗಂಡ ದುಬೈಲಿದಾರೆ ಅನ್ನಿ. ಬಾಗ್ಲಲ್ಲಿ ಒಂದ್ ಜೊತೆ ಗಂಡಸ್ರ ಚಪ್ಪಲಿ ಬಿಟ್ಟಿರಿ ಸಾಕು, ಯಾರೂ ಏನೂ ಕೇಳಲ್ಲ. ಬೇಕಾದ್ರೆ ನಂದೇ ಹಳೇದು ಇದೆ.' ಈ ಉಪಾಯ ಒಳ್ಳೆಯದು, ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ನಾನು ಬರೆದೂ ಬಿಟ್ಟಿದ್ದೆ.

'ಅವನ ಹಳೇ ಚಪ್ಪಲಿಗೆ ಮನೆ ಸಿಗುತ್ತೆ, ನನಗೆ ಸಿಗಲ್ಲ. ಹಂಗಾ ಸರ್?' ಅಂದಳು. ಅದನ್ನೂ ಹೊಡೆದುಹಾಕಿದೆ.

ಅಂತ್ಯ ಮೂರು ನನಗೆ ಬಹಳ ಇಷ್ಟದ್ದು. ಲಕ್ಕಮ್ಮನ ಮನಸ್ಸು ಕರಗುತ್ತದೆ. ಎದ್ದು ನಿಂತು ಗಂಡನಿಗೆ, 'ಬ್ಯಾಂಕಿನವರೂ ಬೇಡ, ಗೀಂಕಿನವರೂ ಬೇಡ, ಮನೆ ಈ ಮಗೂಗೇ,' ಅನ್ನುತ್ತಾರೆ. ಬರೆದು ತೋರಿಸಿದರೆ ಲಕ್ಕಮ್ಮ ತಲೆ ಅಲ್ಲಾಡಿಸಿಬಿಟ್ಟರು.

'ನಾನು ಹಂಗೆಲ್ಲಾ ಮಾತಾಡೋಳಲ್ಲಪ್ಪ.'

'ಒಂದು ಸಲ ಮಾತಾಡಿ ಅಮ್ಮಾ. ನಾನಿದ್ದೀನಿ.'

'ನೀನು ಇವತ್ತಿರ್ತೀಯ, ಬರ್ದಾದ್ಮೇಲೆ ಹೋಗ್ತೀಯ. ನಾನು ಇಲ್ಲೇ ಇರ್ಬೇಕು. ನಾನೂ ಈ ಮನೇಲಿ ಹೊಂದ್ಕೊಂಡಿರೋಳೇ ಕಣಪ್ಪ.' ಹೇಳುತ್ತಾ ಬೆಕ್ಕಿನ ಬೆನ್ನು ಸವರುತ್ತಲೇ ಇದ್ದರು. ನಾನು ಪೆನ್ನು ಕೆಳಗಿಟ್ಟೆ.

೭

ನಾನು ಪೆನ್ನು ಕೆಳಗಿಟ್ಟ ಮೇಲೆ ನಡೆದದ್ದು ಇದು. ಇದಕ್ಕೆ ನಾನು ಜವಾಬ್ದಾರನಲ್ಲ.

ಶಾಮಲಾ ಜಗಲಿ ಹತ್ತಿ ಹೋಗಿ ಲಕ್ಕಮ್ಮನ ತೊಡೆಯಿಂದ ಮೈದಾನನ್ನು ಎತ್ತಿಕೊಂಡಳು. ಲಕ್ಕಮ್ಮನ ಕೈ ಒಂದು ಗಳಿಗೆ ಅದರ ಹೊಟ್ಟೆಯ ಕೆಳಗೇ ಇತ್ತು, ಆಮೇಲೆ ಬಿಟ್ಟಿತು. ಶಾಮಲಾ ದುಪಟ್ಟದ ಅಂಚಿನಿಂದ ಅದರ ಕೆನ್ನೆಯ ದೃಷ್ಟಿಬೊಟ್ಟನ್ನು ಉಜ್ಜಿ ಉಜ್ಜಿ ತೆಗೆದಳು.

'ಏ ಏ, ಏನಮ್ಮ ಇದು?' ವೆಂಕಟರಾಯಪ್ಪ ಪೇಪರ್ ಬಿಸಾಕಿ ಎದ್ದರು. 'ನಾಳೆ ಮಾರ್ಕೆಟ್ಟೈತೆ ನಂಗೆ! ಲಕ್ಷ್ಮಿನ ಮನೆಯಿಂದ ಎತ್ಕೊಂಡ್ ಹೋದ್ರೆ ಒಳ್ಳೇದಾಗ್ತೈತಾ? ಒಳ್ಳೆ ಮಾತಲ್ಲಿ ಹೇಳ್ತಾ ಇದೀವಿ.'

'ಮನೆ ನಿಮ್ದು ಸರ್. ಬೆಕ್ಕು ನಂದು,' ಅಂದಳು ಶಾಮಲಾ. 'ಎರಡನ್ನೂ ನೀವೇ ಇಟ್ಕೊಳ್ಳೋಕಾಗಲ್ಲ.'

'ಎಲ್ಲಿಗ್ ಹೋಗ್ತೀಯ ಈಗ ಇದನ್ನ ಕಟ್ಕೊಂಡು?'

ಅವಳು ಜಗಲಿಯ ಮೂಲೆಯಲ್ಲಿದ್ದ ಬುಟ್ಟಿಯ ಮುಚ್ಚಳ ತೆಗೆದಳು. ಮೈದಾ ಬುಟ್ಟಿಯೊಳಗೆ ಹೋಗಿ, ಒಂದು ಸುತ್ತು ಸುತ್ತಿ, ಇದೇ ತನ್ನ ಮನೆ ಅನ್ನುವ ಹಾಗೆ ಮಲಗಿತು.

'ಎಲ್ಲಿಗಕ್ಕಾ?' ಆಟೋ ಡ್ರೈವರ್ ಕೇಳಿದ.

ಶಾಮಲಾ ನನ್ನ ಕಡೆ ನೋಡಿದಳು. ಈಗ ಸಿಟ್ಟು ಇರಲಿಲ್ಲ. ಒಂದು ಸಾಲಿನಲ್ಲಿ ಇನ್ನೊಂದು ಮನೆ ಕಟ್ಟಿಕೊಡಬಹುದಿತ್ತು ನಾನು. ಕಿಟಕಿ ಇಟ್ಟು, ಚಿಲಕ ಹಾಕಿ, ಹಾಲುಕ್ಕಿಸಿ, ಶುಭಂ ಅಂತ ಬರೆದುಬಿಡಬಹುದಿತ್ತು. ನೀವೂ ಸಮಾಧಾನವಾಗಿ ಪುಸ್ತಕ ಮುಚ್ಚಿ ಊಟಕ್ಕೆ ಏಳುತ್ತಿದ್ದಿರಿ. ಅದು ನನಗೆ ಬೇಡ.

'ಸ್ವಲ್ಪ ಮುಂದೆ ಹೋಗಣ್ಣ,' ಅಂದಳು ಅವಳು.

ಬೀದಿ ತಿರುಗಿದ ಮೇಲೆ ಒಂದು ಗೇಟಿಗೆ ರಟ್ಟಿನ ಬೋರ್ಡು ಕಟ್ಟಿತ್ತು. 'ಮನೆ ಬಾಡಿಗೆಗೆ ಇದೆ', ಕೆಳಗೊಂದು ಫೋನ್ ನಂಬರು. ಶಾಮಲಾ ಆಟೋ ನಿಲ್ಲಿಸಿ ಆ ನಂಬರ್ ಒತ್ತಿದಳು. ಯಾರ ನಂಬರ್ ಅಂತ ಬರೆಯದೆ ಜಾಗ ಖಾಲಿ ಬಿಟ್ಟಿದ್ದೆ. ಇಷ್ಟು ಹೊತ್ತು ವೆಂಕಟರಾಯಪ್ಪನನ್ನು ಬೈದುಕೊಂಡು ಓದಿದಿರಲ್ಲ, ನಿಮ್ಮದೇ ಇರಲಿ.

ರಿಂಗಾಗುತ್ತಿದೆ. ಎತ್ತಿ.

'ಹಲೋ, ನನ್ ಹೆಸರು ಶಾಮಲಾ ಅಂತ. ಬೋರ್ಡ್ ನೋಡ್ದೆ. ಮನೆ ಇನ್ನೂ ಖಾಲಿ ಇದೆಯಾ?'

ಖಾಲಿ ಇದೆ. ಅದು ನಿಮಗೂ ಗೊತ್ತು, ನನಗೂ ಗೊತ್ತು.